ಬಣ್ಣಕ್ಕಿಂತ ಕಡತ ತುಟ್ಟಿ

2016ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ನಲ್ಲಿ ಹಳೆಯ ಮೋಟಾರ್ ಸೈಕಲ್ಲುಗಳ ಹರಾಜು ನಡೆಯಿತು. ನಡೆಸಿದ್ದು ಬಾನಮ್ಸ್, 1793ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಹರಾಜು ಸಂಸ್ಥೆ. ಅಂದು ಎಲ್ಲರ ಕಣ್ಣು ನೆಟ್ಟಿದ್ದು ಕಾರ್ನ್‌ವಾಲ್ ಸೀಮೆಯ ಕೊಟ್ಟಿಗೆಗಳಲ್ಲಿ ಅರ್ಧ ಶತಮಾನ ಬಿದ್ದುಕೊಂಡಿದ್ದ ಎಂಟು ಬ್ರಫ್ ಸುಪೀರಿಯರ್ ಬೈಕುಗಳ ಮೇಲೆ. ಅವನ್ನು ಬೈಕು ಅನ್ನುವುದೂ ಕಷ್ಟವಿತ್ತು. ಕೆಲವು ಬರೀ ಬಿಡಿಭಾಗಗಳ ಗುಡ್ಡೆ, ಕಬ್ಬಿಣದ ಮೇಲೆಲ್ಲ ತುಕ್ಕು. ನಮ್ಮೂರ ಗುಜರಿಯವನಾಗಿದ್ದರೆ ಕಿಲೋ ಲೆಕ್ಕದಲ್ಲಿ ತೂಗಿ ಕೈತೊಳೆದುಕೊಳ್ಳುತ್ತಿದ್ದ. ಅವುಗಳಲ್ಲೊಂದು, ಆಸ್ಟಿನ್ ಕಾರಿನ ನಾಲ್ಕು ಸಿಲಿಂಡರಿನ ಎಂಜಿನ್ ಕೂರಿಸಿದ್ದ 1938ರ ಬಿಎಸ್4, 3,31,900 ಪೌಂಡಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಮೂರು ಕೋಟಿ ರೂಪಾಯಿಗೂ ಮೇಲೆ. ಅಲ್ಲಿಯವರೆಗೆ ಹರಾಜಿನಲ್ಲಿ ಯಾವ ಬ್ರಿಟಿಷ್ ಬೈಕೂ ಅಷ್ಟು ಬೆಲೆ ಕಂಡಿರಲಿಲ್ಲ. (ಅರೇಬಿಯಾದ ಲಾರೆನ್ಸ್ ಎಂದು ಹೆಸರಾದ ಟಿ.ಇ. ಲಾರೆನ್ಸ್ 1935ರಲ್ಲಿ ಪ್ರಾಣ ಕಳೆದುಕೊಂಡದ್ದು ಇದೇ ಕಂಪನಿಯ ಬೈಕಿನಿಂದ ಬಿದ್ದು. ಆ ಹೆಸರಿಗಿರುವ ಆಕರ್ಷಣೆಯಲ್ಲಿ ಅವನ ಪಾಲೂ ಇದೆ.)

ಎರಡು ವರ್ಷ ಕಳೆದು 2018ರ ಜನವರಿಯಲ್ಲಿ ಅದೇ ಸಂಸ್ಥೆ ಅಮೆರಿಕದ ಲಾಸ್ ವೇಗಸ್‌ನಲ್ಲಿ 1951ರ ಒಂದು ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್ ಬೈಕನ್ನು 9,29,000 ಡಾಲರಿಗೆ ಮಾರಿತು. ಆಸ್ಟ್ರೇಲಿಯಾದಲ್ಲಿ ವೇಗದ ದಾಖಲೆ ಮಾಡಿದ ಗಾಡಿ ಅದು. ಅದಕ್ಕೂ ಹೊಸ ಬಣ್ಣ ಬಳಿದಿರಲಿಲ್ಲ, ನಿಕಲ್ ಲೇಪ ಹಾಕಿಸಿರಲಿಲ್ಲ.

ಹಾಗಾದರೆ ವರ್ಷಗಟ್ಟಲೆ ಗ್ಯಾರೇಜಿನಲ್ಲಿ ಬೆವರು ಸುರಿಸಿ, ನಟ್ಟು ಬೋಲ್ಟು ಬಿಚ್ಚಿ, ಕನ್ನಡಿಯಂತೆ ಹೊಳೆಯುವ ಹಾಗೆ ಮಾಡಿ ಹರಾಜಿಗೆ ತರುವ ಸಾವಿರಾರು ಬ್ರಿಟಿಷ್ ಗಾಡಿಗಳ ಗತಿಯೇನು? ಜಾಗ್ವಾರ್, ಎಂಜಿ, ಆಸ್ಟನ್ ಮಾರ್ಟಿನ್, ಮಾರಿಸ್, ಲ್ಯಾಂಡ್ ರೋವರ್ ಎಂದು ವಾರವಾರವೂ ಬ್ರಿಟನ್ನಿನ ಯಾವುದಾದರೊಂದು ಮೂಲೆಯಲ್ಲಿ ಸುತ್ತಿಗೆ ಬೀಳುತ್ತಲೇ ಇರುತ್ತದೆ. ಕೊಳ್ಳುವವರು ಹೊಳಪಿಗೆ ಮರುಳಾಗಿ ಕೂಗುತ್ತಾರೆ ಎಂಬುದು ಹೊರಗಿನವರ ಎಣಿಕೆ. ನನ್ನ ಮಟ್ಟಿಗೆ ಹೇಳುವುದಾದರೆ, ಅಲ್ಲಿ ಹೊಳಪಿನಷ್ಟು ಅಗ್ಗದ ವಸ್ತು ಇನ್ನೊಂದಿಲ್ಲ. ಕಾರಿನ ಸೀಟಿನ ಮೇಲೆ ಇಟ್ಟಿರುವ ದಪ್ಪ ಕಡತಕ್ಕೆ ಜನ ದುಡ್ಡು ಕೊಡುತ್ತಾರೆ. ಕಾರು ಅದರ ಜೊತೆಗೆ ಬರುತ್ತದೆ.

ಮೊದಲು ಹರಾಜಿನ ನಡಾವಳಿ ನೋಡೋಣ. ಪ್ರತಿ ಗಾಡಿಗೂ ಒಂದು ಲಾಟ್ ಸಂಖ್ಯೆ, ಕ್ಯಾಟಲಾಗಿನಲ್ಲಿ ಒಂದೆರಡು ಪುಟದ ವಿವರಣೆ, ಕೆಳಗೆ ಅಂದಾಜು ಬೆಲೆ: ಇಷ್ಟರಿಂದ ಇಷ್ಟರವರೆಗೆ. ಮಾರುವವನು ಇದಕ್ಕಿಂತ ಕೆಳಗೆ ಕೊಡೆನು ಎಂದು ಗುಟ್ಟಾಗಿ ಹೇಳಿರುವ ಕನಿಷ್ಠ ಬೆಲೆಯೊಂದು ಇರುತ್ತದೆ. ಅದು ಸಾಮಾನ್ಯವಾಗಿ ಅಂದಾಜಿನ ಕೆಳ ಅಂಚನ್ನು ದಾಟುವುದಿಲ್ಲ. 'ಕನಿಷ್ಠ ಬೆಲೆ ಇಲ್ಲ' ಎಂದು ಬರೆದಿದ್ದರೆ ಜನ ಜಾಸ್ತಿ ಸೇರುತ್ತಾರೆ, ಅಗ್ಗಕ್ಕೆ ಸಿಕ್ಕೀತು ಎಂಬ ಆಸೆಗೆ. ಹಲವು ಸಲ ಆ ಆಸೆಯೇ ಬೆಲೆಯನ್ನು ಮೇಲಕ್ಕೆ ಎಳೆದುಬಿಡುತ್ತದೆ. ಕನಿಷ್ಠ ಬೆಲೆ ಮುಟ್ಟುವವರೆಗೆ ಮಾರುವವನ ಪರವಾಗಿ ಹರಾಜುಗಾರನೇ ಕೂಗುತ್ತಾ ಹೋಗುವ ಪದ್ಧತಿಯೂ ಉಂಟು. ಷರತ್ತುಗಳ ಸಣ್ಣಕ್ಷರದಲ್ಲಿ ಅದನ್ನು ಮೊದಲೇ ಹೇಳಿರುತ್ತಾರೆ. ಸಭೆಯ ಹಿಂದಿನ ಸಾಲಿನತ್ತ ನೋಡುತ್ತಾ ಆತ ಒಂದೊಂದೇ ಸಾವಿರ ಏರಿಸುತ್ತಿದ್ದರೆ ಅಲ್ಲಿ ಯಾರಾದರೂ ಕೈಯೆತ್ತಿದ್ದಾರೆಂದು ನಂಬಬೇಕಿಲ್ಲ, ಗೋಡೆ ಮಾತ್ರ ಇದ್ದರೂ ಇದ್ದೀತು.

ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಇಂಗ್ಲೆಂಡಿನ ಅಚ್ಚಿನದೇ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮು ಹರಾಜಿನದು. ಸುತ್ತಿಗೆ ಬಿದ್ದೊಡನೆ, ಇಲ್ಲವೇ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಮುಗಿಯಿತೆಂದು ಸಾರಿದೊಡನೆ ಮಾರಾಟ ಪೂರ್ತಿ. ಅಲ್ಲಿಯವರೆಗೆ ಕೂಗಿದವನು ಹಿಂದೆ ಸರಿಯಬಹುದು, ಆಮೇಲೆ ಇಲ್ಲ. ಮಾರುವವನು ತನ್ನ ಕೂಗುವ ಹಕ್ಕನ್ನು ಮೊದಲೇ ಸಾರದೆ ಬೆಲೆಯೇರಿಸಲು ಸುಳ್ಳು ಕೂಗು ಕೂಗಿಸಿದರೆ ಕೊಂಡವನು ಆ ಮಾರಾಟವನ್ನೇ ತಿರಸ್ಕರಿಸಬಹುದು. ಊರಿನ ದೇವಸ್ಥಾನದ ತೆಂಗಿನಕಾಯಿ ಹರಾಜಿಗೂ ಆಸ್ಟನ್ ಮಾರ್ಟಿನ್ನಿಗೂ ನಿಯಮ ಅಷ್ಟರಮಟ್ಟಿಗೆ ಒಂದೇ.

ಹೊಸಬರು ಮುಗ್ಗರಿಸುವುದು ಕೂಗಿನ ಬೆಲೆಯನ್ನೇ ಕೊನೆಯ ಬೆಲೆ ಎಂದುಕೊಂಡು. ಅದರ ಮೇಲೆ ಹರಾಜು ಸಂಸ್ಥೆಗೆ ಕೊಳ್ಳುವವನ ಪ್ರೀಮಿಯಂ ಕೊಡಬೇಕು, ಆ ಪ್ರೀಮಿಯಂ ಮೇಲೆ ಬ್ರಿಟನ್ನಿನಲ್ಲಿ ಶೇ. 20 ವ್ಯಾಟ್. ಪ್ರೀಮಿಯಂ ಶೇ. 15 ಎಂದಿಟ್ಟುಕೊಂಡರೆ 20,000 ಪೌಂಡಿಗೆ ಸುತ್ತಿಗೆ ಬಿದ್ದ ಕಾರಿಗೆ ಕೈಬಿಡುವುದು 23,600 ಪೌಂಡ್. ಸಾಗಣೆ ಬೇರೆ, ಹೇಳಿದ ದಿನ ಒಯ್ಯದಿದ್ದರೆ ಇಟ್ಟುಕೊಂಡದ್ದರ ಬಾಡಿಗೆ ಬೇರೆ. ಪತ್ರಿಕೆಗಳಲ್ಲಿ ಬರುವ ದಾಖಲೆ ಬೆಲೆಗಳು ಬಹುಮಟ್ಟಿಗೆ ಪ್ರೀಮಿಯಂ ಸೇರಿಸಿದವು. ಮಾರಿದವನ ಜೇಬಿಗೆ ಅಷ್ಟು ಹೋಗಿರುವುದಿಲ್ಲ, ಅವನಿಂದಲೂ ಸಂಸ್ಥೆ ಕಮಿಷನ್ ಮುರಿದುಕೊಂಡಿರುತ್ತದೆ.

ಇನ್ನು ಜೀರ್ಣೋದ್ಧಾರದ ವಿಷಯ. ಬ್ರಿಟಿಷ್ ಕಾರಿನ ಮೊದಲ ಶತ್ರು ಅದರ ಸ್ವಂತ ಊರು. ಮಳೆ, ಸಮುದ್ರದ ಗಾಳಿ, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು. 1961ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಹೊರಬಂದ ಜಾಗ್ವಾರ್ ಇ-ಟೈಪ್ ಇದಕ್ಕೆ ಒಳ್ಳೆಯ ಉದಾಹರಣೆ. ಮಾಲ್ಕಮ್ ಸೇಯರ್ ರೂಪಿಸಿದ ಆ ಉದ್ದ ಮೂತಿಯ ಚೆಲುವಿಗೆ ಮಾರುಹೋಗದವರಿಲ್ಲ. ಆದರೆ ಅದರ ಮೈಯಲ್ಲಿ ಬಾಗಿಲ ಕೆಳಗಿನ ಟೊಳ್ಳು ತೊಲೆಗಳು, ನೆಲದ ತಗಡು, ಹಿಂಚಕ್ರದ ಸುತ್ತಲಿನ ಸಂದುಗಳು ಎಲ್ಲವೂ ನೀರು ನಿಲ್ಲುವ ಜಾಗಗಳೇ. ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬರುತ್ತದೆ, ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಒಟ್ಟು 72,000ಕ್ಕೂ ಹೆಚ್ಚು ಇ-ಟೈಪ್‌ಗಳು ತಯಾರಾದವು, ಅವುಗಳಲ್ಲಿ ದೊಡ್ಡ ಪಾಲು ಹೋದದ್ದು ಅಮೆರಿಕಕ್ಕೆ. ಅಲ್ಲಿನ ಒಣ ರಾಜ್ಯಗಳಲ್ಲಿ ಉಳಿದ ಮೈಗಳು ಗಟ್ಟಿಯಾಗಿರುವುದರಿಂದ ಅವನ್ನು ಮರಳಿ ಇಂಗ್ಲೆಂಡಿಗೆ ತಂದು, ಸ್ಟೀರಿಂಗನ್ನು ಎಡದಿಂದ ಬಲಕ್ಕೆ ಬದಲಿಸಿ ಮಾರುವುದೇ ಕೆಲವರ ಕಸುಬು. ಕ್ಯಾಟಲಾಗಿನಲ್ಲಿ 'ಕ್ಯಾಲಿಫೋರ್ನಿಯಾ ಕಾರು' ಎಂದಿದ್ದರೆ ಅದು ಹೊಗಳಿಕೆ.

ಆಸ್ಟನ್ ಮಾರ್ಟಿನ್ ಡಿಬಿ4, ಡಿಬಿ5 ಕಾರುಗಳ ಕಾಯಿಲೆ ಇನ್ನೂ ಸೂಕ್ಷ್ಮ. ಇಟಲಿಯ ಮಿಲಾನ್‌ನ ಟೂರಿಂಗ್ ಕಂಪನಿಯ ವಿಧಾನದಲ್ಲಿ, ಸಣ್ಣ ಉಕ್ಕಿನ ಕೊಳವೆಗಳ ಗೂಡಿನ ಮೇಲೆ ಕೈಯಿಂದ ಬಡಿದ ಅಲ್ಯುಮಿನಿಯಂ ತಗಡನ್ನು ಹೊದಿಸಿದ ಮೈ ಅವಕ್ಕೆ. ಹಗುರವಾಗಿರಲಿ ಎಂದು ಹಾಗೆ ಮಾಡಿದ್ದು. ಉಕ್ಕೂ ಅಲ್ಯುಮಿನಿಯಮ್ಮೂ ತೇವದಲ್ಲಿ ಒಂದಕ್ಕೊಂದು ತಾಕಿದರೆ ಬ್ಯಾಟರಿಯೊಳಗಿನ ಕ್ರಿಯೆಯೇ ಶುರುವಾಗುತ್ತದೆ, ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಮೇಲಿನ ಬಣ್ಣ ಉಬ್ಬಿದ ಕಡೆ ಕೆರೆದು ಪುಟ್ಟಿ ತುಂಬಿ ಮತ್ತೆ ಬಣ್ಣ ಹೊಡೆದರೆ ಹರಾಜಿನ ದಿನಕ್ಕೆ ಸಾಕು. ಸರಿಯಾಗಿ ಮಾಡಬೇಕೆಂದರೆ ತಗಡು ಬಿಚ್ಚಿ, ಕೊಳವೆ ಬದಲಿಸಿ, ಹೊಸ ತಗಡನ್ನು ಉರುಳೆಯ ಮೇಲೆ ಹಿಂದೆ ಮುಂದೆ ಆಡಿಸಿ ಬಳುಕು ತರಬೇಕು. ಇದು ಸಾವಿರಾರು ಗಂಟೆಗಳ ಕೆಲಸ, ಬಲ್ಲ ಕೈಗಳೂ ಕಡಿಮೆ. ಕಾರಿನ ಮುಂದೆ ನಿಂತು ನೋಡಿದರೆ ಎರಡೂ ಕೆಲಸ ಒಂದೇ ಥರ ಹೊಳೆಯುತ್ತವೆ. ಉಕ್ಕಿನ ಮೈಯಾದರೆ ಅಯಸ್ಕಾಂತ ಹಿಡಿದು ಪುಟ್ಟಿ ಪತ್ತೆಹಚ್ಚಬಹುದು, ಅಲ್ಯುಮಿನಿಯಮ್ಮಿಗೆ ಅದೂ ನಡೆಯದು.

ಲ್ಯಾಂಡ್ ರೋವರ್‌ಗೆ ಅಲ್ಯುಮಿನಿಯಂ ಬಂದದ್ದು ಬೇರೆ ಕಾರಣಕ್ಕೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಉಕ್ಕಿಗೆ ರೇಷನ್ ಇತ್ತು, ಅಲ್ಯುಮಿನಿಯಂ ಮಿಶ್ರಲೋಹ ಸುಲಭವಾಗಿ ಸಿಗುತ್ತಿತ್ತು. ಮಾರಿಸ್ ವಿಲ್ಕ್ಸ್ ವೇಲ್ಸ್‌ನ ಆಂಗಲ್ಸಿ ದ್ವೀಪದ ಮರಳಿನಲ್ಲಿ ಗೆರೆ ಎಳೆದು ತೋರಿಸಿದ ರೈತರ ಗಾಡಿ 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಬಯಲಿಗೆ ಬಂತು. ಅಂಥ ಮೊದಲ ಗಾಡಿಗಳಲ್ಲಿ ಮಾರಾಟಕ್ಕೆಂದು ತಯಾರಾದ ಮೊತ್ತಮೊದಲನೆಯದು, ಜೆಯುಇ 477 ಎಂಬ ನಂಬರಿನದು, ಉತ್ತರ ಇಂಗ್ಲೆಂಡಿನ ಹೊಲವೊಂದರಲ್ಲಿ ದಶಕಗಳ ಕಾಲ ಮಳೆಗೆ ನೆನೆಯುತ್ತಾ ನಿಂತಿತ್ತು. ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ಅದನ್ನು ಕೊಂಡು ಸರಿಪಡಿಸಿದಾಗ ಹಳೆಯ ಬಣ್ಣದ ಚಕ್ಕೆ, ತಗಡಿನ ಗುಳಿ ಎಲ್ಲವನ್ನೂ ಹಾಗೆಯೇ ಉಳಿಸಿಕೊಂಡರು. ಓಡುವ ಹಾಗೆ ಮಾಡಿದರು, ಹೊಸದಾಗಿ ಕಾಣುವ ಹಾಗೆ ಮಾಡಲಿಲ್ಲ. ದುಡ್ಡಿನ ಕೊರತೆಯಂತೂ ಅವರಿಗೆ ಇರಲಿಲ್ಲ. ಬಲ್ಲವರ ಅಭಿರುಚಿ ಎತ್ತ ವಾಲಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಎಷ್ಟು ಬದಲಿಸಿದರೆ ಅದೇ ಕಾರು ಉಳಿಯುತ್ತದೆ, ಎಷ್ಟಾದ ಮೇಲೆ ಅದು ಬೇರೆ ಕಾರು? ಈ ಪ್ರಶ್ನೆ 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನ ಮೆಟ್ಟಿಲೇರಿತು. ಬೆಂಟ್ಲಿ ಕಂಪನಿಯ 'ಓಲ್ಡ್ ನಂಬರ್ ಒನ್' ಎಂಬ ಸ್ಪೀಡ್ ಸಿಕ್ಸ್ ಕಾರು 1929 ಮತ್ತು 1930, ಎರಡೂ ವರ್ಷ ಫ್ರಾನ್ಸಿನ ಲ ಮಾನ್ ಓಟ ಗೆದ್ದಿತ್ತು. ಎರಡೂ ಸಲ ಚಕ್ರ ಹಿಡಿದವರಲ್ಲಿ ಕಂಪನಿಯ ಅಧ್ಯಕ್ಷ ವುಲ್ಫ್ ಬಾರ್ನಾಟೊ ಇದ್ದರು. ಓಟ ಗೆದ್ದ ಕಾರನ್ನು ಗಾಜಿನ ಪೆಟ್ಟಿಗೆಯಲ್ಲಿಡುವ ಕಾಲವಲ್ಲ ಅದು. ಮುಂದಿನ ಓಟಕ್ಕೆ ಬೇಕಾದಂತೆ ಕತ್ತರಿಸಿದರು, ಸೇರಿಸಿದರು, ಎಂಟು ಲೀಟರಿನ ಎಂಜಿನ್ ಕೂರಿಸಿದರು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಓಟದಲ್ಲಿ ಅದು ಏರುದಿಣ್ಣೆಯ ಅಂಚು ದಾಟಿ ಉರುಳಿ ಚಾಲಕ ಕ್ಲೈವ್ ಡನ್‌ಫೀ ಸತ್ತುಹೋದರು. ಆಮೇಲೆ ಬೇರೆ ಮೈ ಹೊದಿಸಿ ರಸ್ತೆಗೆ ತಂದರು. 1990ರಲ್ಲಿ ಅದನ್ನು ಸುಮಾರು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ ಕಂಪನಿಯೊಂದು, ಇದು ಆ ಕಾರೇ ಅಲ್ಲ, ಲ ಮಾನ್‌ನಲ್ಲಿ ಓಡಿದ ಭಾಗ ಇದರಲ್ಲಿ ಏನಿದೆ ಎಂದು ತಕರಾರು ತೆಗೆದು ಹಿಂಜರಿಯಿತು.

ನ್ಯಾಯಮೂರ್ತಿ ಆಟನ್ ಕಾರಿನ ಒಂದೊಂದು ಭಾಗದ ಕುಲಗೋತ್ರ ಕೇಳಿಸಿಕೊಂಡರು. ಗೆದ್ದ ದಿನದ ಲೋಹ ಬಹುಪಾಲು ಹೋಗಿದೆ ಎಂಬುದು ನಿಜವೇ. ಆದರೆ ಒಂದೇ ದಿನ ಹೋದದ್ದಲ್ಲ. ಓಟದ ಕಾರು ಬದುಕುವ ರೀತಿಯಲ್ಲೇ ಹಂತಹಂತವಾಗಿ ಭಾಗಗಳು ಬದಲಾದವು, ಎಲ್ಲಿಯೂ ಅದರ ಗುರುತಿನ ಎಳೆ ಕಡಿಯಲಿಲ್ಲ, ಅದರ ಹೆಸರು ಹೇಳಿಕೊಳ್ಳಲು ಇನ್ನೊಂದು ಕಾರು ಎಂದೂ ಹುಟ್ಟಲಿಲ್ಲ. ಆದ್ದರಿಂದ ಇದು ಓಲ್ಡ್ ನಂಬರ್ ಒನ್ನೇ, ಒಪ್ಪಂದದಂತೆ ಕೊಳ್ಳಿ ಎಂದರು. ನಮ್ಮೂರ ತೇರಿಗೆ ಒಂದು ವರ್ಷ ಗಾಲಿ ಬದಲಿಸುತ್ತೇವೆ, ಇನ್ನೊಂದು ವರ್ಷ ಅಚ್ಚು, ಮತ್ತೊಮ್ಮೆ ತೊಲೆ. ಅಜ್ಜ ಎಳೆದ ಮರ ಒಂದೂ ಉಳಿದಿಲ್ಲದಿದ್ದರೂ ಅದು ಅದೇ ತೇರು ಎನ್ನುವುದರಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಆ ತೀರ್ಪಿನ ತಿರುಳೂ ಅದೇ.

ಆ ತೀರ್ಪಿನಿಂದ ಹರಾಜಿನ ಲೋಕ ಒಂದು ಪಾಠ ಕಲಿತಿತು. ಗುರುತಿನ ಎಳೆ ಕಡಿದಿಲ್ಲ ಎಂದು ತೋರಿಸುವುದು ಲೋಹದಿಂದ ಆಗದ ಕೆಲಸ, ಅದಕ್ಕೆ ಕಾಗದ ಬೇಕು. ಹಳೆಯ ನೋಂದಣಿ ಪುಸ್ತಕ, ಮಾಲೀಕರು ಬದಲಾದ ಪತ್ರಗಳು, ಪ್ರತಿ ವರ್ಷದ ತಪಾಸಣೆ ಚೀಟಿ, ಬಿಲ್ಲು, ರಿಪೇರಿ ನಡೆಯುವಾಗ ತೆಗೆದ ಫೋಟೊಗಳು. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹಳೆಯ ಕಾರ್ಖಾನೆಗಳ ತಯಾರಿಕೆಯ ಖಾತೆಪುಸ್ತಕಗಳನ್ನು ಕಾಪಾಡಿಕೊಂಡಿದೆ. ಶುಲ್ಕ ಕಟ್ಟಿದರೆ ಆ ಪುಸ್ತಕ ನೋಡಿ ನಿಮ್ಮ ಕಾರಿನ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಹೊರಟ ದಿನ, ಹುಟ್ಟುಬಣ್ಣ, ಯಾವ ದೇಶಕ್ಕೆ ಹೋಯಿತು ಎಂಬುದನ್ನೆಲ್ಲ ಪ್ರಮಾಣಪತ್ರವಾಗಿ ಕೊಡುತ್ತಾರೆ. ಕಾರಿನಲ್ಲಿರುವ ಎಂಜಿನ್ ಸಂಖ್ಯೆ ಆ ಪುಸ್ತಕದ ಸಂಖ್ಯೆಗೆ ತಾಳೆಯಾದರೆ ಬೆಲೆ ಏರುತ್ತದೆ, ಆಗದಿದ್ದರೆ ಇಳಿಯುತ್ತದೆ. ಎರಡೂ ಎಂಜಿನ್‌ಗಳು ಒಂದೇ ವರ್ಷ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವಾಗಿದ್ದರೂ ಲೆಕ್ಕ ಬದಲಾಗುವುದಿಲ್ಲ.

ಬಣ್ಣದ ಗುಟ್ಟು ಹೊರಬೀಳುವುದೂ ಈ ಪ್ರಮಾಣಪತ್ರದಿಂದಲೇ. ಹರಾಜಿಗೆ ಬರುವ ಓಟದ ಕಾರುಗಳಲ್ಲಿ ಕಡುಹಸಿರು ಬಣ್ಣದವು ತುಸು ಹೆಚ್ಚೇ ಅನಿಸುತ್ತವೆ. 1903ರಲ್ಲಿ ಗಾರ್ಡನ್ ಬೆನೆಟ್ ಓಟ ಐರ್ಲೆಂಡಿನಲ್ಲಿ ನಡೆದಾಗ ನೇಪಿಯರ್ ಕಾರುಗಳು ಆ ನಾಡಿನ ಗೌರವಕ್ಕೆ ಹಸಿರು ತೊಟ್ಟವು, ಮುಂದೆ ಅದೇ ಬ್ರಿಟಿಷ್ ಓಟದ ಬಣ್ಣವಾಗಿ ನಿಂತಿತು. ಹಾಗೆಂದು ಕಾರ್ಖಾನೆಯಿಂದ ಮಾಸಲು ಬೂದಿ ಬಣ್ಣದಲ್ಲಿ ಹೊರಟ ಎಂಜಿಗೆ ಮಾರುವ ಹೊತ್ತಿಗೆ ಹಸಿರು ಬಳಿಯುವುದು ನನಗೆ ಹಿಡಿಸದ ಚಾಳಿ.

ಈಗ ಸಾಮಾನ್ಯರ ಕಾರಿಗೆ ಬರೋಣ, ಏಕೆಂದರೆ ಹರಾಜಿನ ಹೊಟ್ಟೆ ತುಂಬುವುದು ಅವುಗಳಿಂದಲೇ. ಯಾರ್ಕ್‌ಷೈರಿನ ತಾರ್ನ್‌ಟನ್-ಲ-ಡೇಲ್ ಎಂಬ ಹಳ್ಳಿಯಲ್ಲಿ ಮ್ಯಾಥ್ಯೂಸನ್ಸ್ ಎಂಬ ಕುಟುಂಬದ ಹರಾಜು ಕಟ್ಟೆಯಿದೆ, 2019ರಿಂದ ಟಿವಿ ಕಾರ್ಯಕ್ರಮವಾಗಿಯೂ ಹೆಸರು ಮಾಡಿದೆ. ಅಲ್ಲಿ ಕೋಟಿಗಳ ಮಾತಿಲ್ಲ. ಮಾರಿಸ್ ಮೈನರ್, ಆಸ್ಟಿನ್, ಟ್ರಯಂಫ್, ಮಿನಿ, ತೀರಿಕೊಂಡ ತಂದೆಯ ಶೆಡ್ಡಿನಲ್ಲಿ ಅರ್ಧ ಬಿಚ್ಚಿ ಉಳಿದ ಗಾಡಿ, ಹಳೆಯ ನಂಬರ್ ಪ್ಲೇಟು. ಮಾರಿಸ್ ಮೈನರ್ 1948ರಲ್ಲಿ ಬಂತು, ಹತ್ತು ಲಕ್ಷ ಮುಟ್ಟಿದ ಮೊದಲ ಬ್ರಿಟಿಷ್ ಕಾರು ಅದೇ. ಅದರ ಟ್ರಾವೆಲರ್ ಮಾದರಿಯ ಹಿಂಭಾಗದಲ್ಲಿ ಕಾಣುವ ಮರದ ಚೌಕಟ್ಟು ಬರೀ ಅಲಂಕಾರವೆಂದು ತಿಳಿದು ಕೊಂಡವರಿಗೆ ಆಮೇಲೆ ಗೊತ್ತಾಗುತ್ತದೆ, ಗಾಡಿಯ ಹಿಂಭಾಗ ನಿಂತಿರುವುದೇ ಆ ಮರದ ಮೇಲೆ ಎಂದು. ಮರ ಕೊಳೆತರೆ ಬಡಗಿಯನ್ನು ಕರೆಯಬೇಕು.

ಎಂಜಿಬಿಯ ಕಥೆ ಮಜವಾಗಿದೆ. 1962ರಿಂದ 1980ರವರೆಗೆ ಆಬಿಂಗ್‌ಡನ್ ಕಾರ್ಖಾನೆಯಲ್ಲಿ 5 ಲಕ್ಷಕ್ಕೂ ಹೆಚ್ಚು ತಯಾರಾದ ಅಗ್ಗದ ಓಪನ್ ಕಾರು ಅದು. ಕಾರ್ಖಾನೆ ಮುಚ್ಚಿದ ಮೇಲೆ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಮೂಲ ಅಚ್ಚುಗಳನ್ನು ಹುಡುಕಿ ತಂದು 1988ರಿಂದ ಹೊಸ ಮೈಗಳನ್ನೇ ಒತ್ತಿ ಮಾರತೊಡಗಿತು. ನಿಮ್ಮ ಎಂಜಿಬಿ ಪೂರ್ತಿ ಕೊಳೆತಿದ್ದರೆ ಹೊಸ ಮೈ ಕೊಂಡು ಹಳೆಯ ಎಂಜಿನ್, ಗೇರ್ ಬಾಕ್ಸ್ ಅದಕ್ಕೆ ಜೋಡಿಸಿಕೊಳ್ಳಬಹುದು. ಈ ಮೈಗಳು ಎಷ್ಟು ಚೆನ್ನಾಗಿ ಬಂದವೆಂದರೆ 1992ರಲ್ಲಿ ರೋವರ್ ಕಂಪನಿ ಅದೇ ಅಚ್ಚುಗಳ ಆಧಾರದಲ್ಲಿ ಎಂಜಿ ಆರ್‌ವಿ8 ಎಂಬ ಹೊಸ ಕಾರನ್ನೇ ಹೊರತಂದಿತು. ಅವುಗಳಲ್ಲಿ ಹೆಚ್ಚಿನವು ಮಾರಾಟವಾದದ್ದು ಜಪಾನಿನಲ್ಲಿ.

ಹೊಸ ಮೈ ಹಾಕಿದ ಕಾರಿಗೆ ಹಳೆಯ ನಂಬರ್ ಉಳಿಯಬಹುದೇ? ಬ್ರಿಟನ್ನಿನ ನೋಂದಣಿ ಇಲಾಖೆ ಇದಕ್ಕೆ ಬಹುಕಾಲ ಅಂಕಗಳ ಲೆಕ್ಕ ಇಟ್ಟುಕೊಂಡಿತ್ತು. ಭಾರೀ ಬದಲಾವಣೆ ಕಂಡ ಗಾಡಿಗೆ ಚಾಸಿ ಅಥವಾ ಮೈಗೆ 5 ಅಂಕ, ಸಸ್ಪೆನ್ಷನ್, ಆಕ್ಸಲ್, ಸ್ಟೀರಿಂಗ್, ಗೇರು ವ್ಯವಸ್ಥೆಗೆ ತಲಾ 2, ಎಂಜಿನ್ನಿಗೆ ಬರೀ 1. ಒಟ್ಟು 8 ಸಿಕ್ಕಿದರೆ ಹಳೆಯ ನಂಬರ್ ಉಳಿಯುತ್ತಿತ್ತು. ಜೀವವೆಂದು ನಾವು ಕರೆಯುವ ಎಂಜಿನ್ನಿಗೆ ಸರ್ಕಾರ ಒಂದೇ ಅಂಕ ಕೊಟ್ಟದ್ದು ನೋಡಿ ನಕ್ಕಿದ್ದೆ. ಹರಾಜಿನಲ್ಲಿ ಎಂಜಿನ್ ಸಂಖ್ಯೆ ತಾಳೆಯಾಗದಿದ್ದರೆ ಮೂಗು ಮುರಿಯುವವರು ಅದನ್ನು ಒಪ್ಪುವುದಿಲ್ಲ ಬಿಡಿ.

ಎಂಜಿಬಿಯಂಥ ಕಾರನ್ನು ಸರಿಯಾಗಿ ಜೀರ್ಣೋದ್ಧಾರ ಮಾಡಿಸಿದರೆ ಖರ್ಚು ಸಾಮಾನ್ಯವಾಗಿ ಅದು ಹರಾಜಿನಲ್ಲಿ ತರುವ ಬೆಲೆಯನ್ನು ಮೀರುತ್ತದೆ. ಗಂಟೆಗಿಷ್ಟೆಂದು ಕೂಲಿ ಕೊಡುವ ದೇಶದಲ್ಲಿ ಇದು ಆಗಲೇಬೇಕಾದದ್ದು. ತಗಡು ಕೆಲಸ, ಬಣ್ಣ, ಚರ್ಮದ ಸೀಟು, ಕ್ರೋಮ್ ಲೇಪ ಎಲ್ಲ ಸೇರಿಸಿ ಕೂಡಿದ ಮೊತ್ತದ ಒಂದು ಭಾಗವಷ್ಟೇ ಸುತ್ತಿಗೆಯ ಕೆಳಗೆ ಮರಳಿ ಬರುತ್ತದೆ. 'ಈಚೆಗೆ ಇಷ್ಟು ಸಾವಿರ ಪೌಂಡ್ ವೆಚ್ಚದಲ್ಲಿ ಪುನರುಜ್ಜೀವನ' ಎಂದು ಕ್ಯಾಟಲಾಗಿನಲ್ಲಿ ಹೆಮ್ಮೆಯಿಂದ ಬರೆಯುತ್ತಾರೆ, ಅದು ಮಾರುವವನು ಕಳೆದುಕೊಂಡ ದುಡ್ಡಿನ ಲೆಕ್ಕ. ಹಾಗಾಗಿ ಓಡಿಸಬೇಕೆಂಬ ಆಸೆಗೆ ಕಾರು ಕೊಳ್ಳುವವರಿಗೆ ಹರಾಜಿನಲ್ಲಿ ಲಾಭದ ಕೊಂಡುಕೊಳ್ಳುವಿಕೆ ಎಂದರೆ ಬೇರೆಯವರು ಮಾಡಿಸಿದ, ಹತ್ತಿಪ್ಪತ್ತು ವರ್ಷ ಹಳೆಯದಾದ, ಫೋಟೊ ಸಹಿತ ದಾಖಲೆಯಿರುವ ಜೀರ್ಣೋದ್ಧಾರ. ಹೊಸ ಬಣ್ಣದ ಕೆಳಗಿನ ಕಳ್ಳಕೆಲಸ ಅಷ್ಟು ವರ್ಷ ತಡೆಯುವುದಿಲ್ಲ, ಉಬ್ಬಿ ಹೊರಗೆ ಬಂದಿರುತ್ತದೆ. ಉಬ್ಬಿಲ್ಲವೆಂದರೆ ಕೆಲಸ ನೆಟ್ಟಗಿದೆ.

ಮೇಲಿನ ಅಂತಸ್ತಿನಲ್ಲಿ ಲೆಕ್ಕವೇ ಬೇರೆ. 2018ರ ಜುಲೈಯಲ್ಲಿ ಗುಡ್‌ವುಡ್‌ನಲ್ಲಿ ಬಾನಮ್ಸ್ ಮಾರಿದ '2 ವಿಇವಿ' ನಂಬರಿನ ಆಸ್ಟನ್ ಮಾರ್ಟಿನ್ ಡಿಬಿ4ಜಿಟಿ ಝಗಾಟೊ 1,00,81,500 ಪೌಂಡ್ ತಂದಿತು. ಅದು ಗುದ್ದಿಕೊಂಡು ಜಜ್ಜಿಹೋಗಿ, ಮತ್ತೆ ಕಟ್ಟಿಸಿಕೊಂಡ ಕಾರು. 1962ರಲ್ಲಿ ಅದೇ ಗುಡ್‌ವುಡ್‌ನಲ್ಲಿ ಜಿಮ್ ಕ್ಲಾರ್ಕ್ ಅದನ್ನು ಓಡಿಸುವಾಗ ಜಾನ್ ಸರ್ಟೀಸ್‌ರ ಫೆರಾರಿಗೆ ಗುದ್ದಿದ್ದರು. ಆ ಗುದ್ದು ಕಾರಿನ ಬೆಲೆ ಇಳಿಸಲಿಲ್ಲ, ಇಬ್ಬರು ವಿಶ್ವ ಚಾಂಪಿಯನ್ನರ ಹೆಸರನ್ನು ಅದರ ಕಡತಕ್ಕೆ ಸೇರಿಸಿತು. 2019ರಲ್ಲಿ ಆರ್‌ಎಂ ಸೋದಬಿ ಸಂಸ್ಥೆ ಕ್ಯಾಲಿಫೋರ್ನಿಯಾದಲ್ಲಿ ಮಾರಿದ ಜೇಮ್ಸ್ ಬಾಂಡ್ ಡಿಬಿ5 ಕೂಡ ಹಾಗೆಯೇ. 'ಥಂಡರ್‌ಬಾಲ್' ಚಿತ್ರದ ಪ್ರಚಾರಕ್ಕೆಂದು ಮಾಡಿಸಿದ ಆ ಕಾರು ಅಮೆರಿಕದ ಟೆನೆಸಿಯ ಸಣ್ಣ ಮ್ಯೂಸಿಯಮ್ಮಿನಲ್ಲಿ 35 ವರ್ಷ ನಿಂತಿತ್ತು. ಸ್ವಿಟ್ಸರ್ಲೆಂಡಿನ ರೂಸ್ ಎಂಜಿನಿಯರಿಂಗ್‌ನವರು ಅದರ ಬಂದೂಕು, ತಿರುಗುವ ನಂಬರ್ ಪ್ಲೇಟು, ಹೊಗೆ ಪರದೆ ಎಲ್ಲ ಮತ್ತೆ ಕೆಲಸ ಮಾಡುವಂತೆ ಸರಿಪಡಿಸಿದರು. ಬಂದ ಬೆಲೆ 63,85,000 ಡಾಲರ್. ಅದೇ ವರ್ಷದ, ಅಷ್ಟೇ ಚೆನ್ನಾಗಿ ಸರಿಪಡಿಸಿದ, ಬಂದೂಕಿಲ್ಲದ ಡಿಬಿ5 ಅದರ ಹತ್ತಿರಕ್ಕೂ ಸುಳಿಯುವುದಿಲ್ಲ.

ಕಂಪನಿಗಳೂ ಈ ಪೇಟೆಗೆ ಇಳಿದಿವೆ. ಟಾಟಾ ಮೋಟಾರ್ಸ್ 2008ರಲ್ಲಿ ಫೋರ್ಡ್‌ನಿಂದ 230 ಕೋಟಿ ಡಾಲರಿಗೆ ಕೊಂಡ ಜಾಗ್ವಾರ್ ಲ್ಯಾಂಡ್ ರೋವರ್, 2017ರಲ್ಲಿ ಕವೆಂಟ್ರಿ ಬಳಿ ಹಳೆಯ ಕಾರುಗಳಿಗೆಂದೇ ದೊಡ್ಡ ಕಾರ್ಯಾಗಾರ ತೆರೆಯಿತು. ಹಳೆಯ ಲ್ಯಾಂಡ್ ರೋವರ್, ಇ-ಟೈಪ್‌ಗಳನ್ನು ತಾವೇ ಹುಡುಕಿ ಕೊಂಡು, ಕಾರ್ಖಾನೆಯ ಮೂಲ ಅಳತೆಗೆ ತಂದು ಮಾರುತ್ತಾರೆ. 1957ರ ಫೆಬ್ರವರಿಯಲ್ಲಿ ಜಾಗ್ವಾರ್ ಕಾರ್ಖಾನೆಯ ಬೆಂಕಿ ಅನಾಹುತದಲ್ಲಿ ಸುಟ್ಟುಹೋದ ಒಂಬತ್ತು ಎಕ್ಸ್‌ಕೆಎಸ್‌ಎಸ್ ಕಾರುಗಳ ಬದಲಿಗೆ ಅರುವತ್ತು ವರ್ಷಗಳ ತರುವಾಯ ಒಂಬತ್ತು ಹೊಸವನ್ನು ಕಟ್ಟಿಕೊಟ್ಟರು. ಕೈಚಳಕ ಅಪ್ಪಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಹಳೆಯ ಕಾರು ಎನ್ನಲು ನನ್ನ ಬಾಯಿ ಬರುವುದಿಲ್ಲ.

ಅಭಿರುಚಿಯೂ ತಲೆಮಾರಿನೊಂದಿಗೆ ಜರುಗುತ್ತದೆ. 1989ರ ಹೊತ್ತಿಗೆ ಹಳೆಯ ಕಾರುಗಳ ಬೆಲೆ ಆಕಾಶಕ್ಕೇರಿತ್ತು, ಮರುವರ್ಷವೇ ಕುಸಿಯಿತು. ಸಾಲ ತೆಗೆದು ಕೊಂಡವರು ಮುಳುಗಿದರು. ಈಗ ಕೈಯಲ್ಲಿ ದುಡ್ಡಿರುವವರು 1980-90ರ ದಶಕಗಳಲ್ಲಿ ಹುಡುಗರಾಗಿದ್ದವರು, ಅವರು ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರಗಳ ಕಾರುಗಳೇ ಬೇರೆ. 2022ರ ಆಗಸ್ಟ್‌ನಲ್ಲಿ ರಾಜಕುಮಾರಿ ಡಯಾನಾ ಓಡಿಸುತ್ತಿದ್ದ ಕಪ್ಪು ಫೋರ್ಡ್ ಎಸ್ಕಾರ್ಟ್‌ಗೆ ಆರೂವರೆ ಲಕ್ಷ ಪೌಂಡಿಗೆ ಸುತ್ತಿಗೆ ಬಿತ್ತು, ಪ್ರೀಮಿಯಂ ಬೇರೆ. ಒಂದು ವರ್ಷ ಮೊದಲು ಕೇವಲ 242 ಮೈಲಿ ಓಡಿದ್ದ ಮೆಕ್‌ಲಾರೆನ್ ಎಫ್1 ಎರಡು ಕೋಟಿ ಡಾಲರ್ ದಾಟಿತ್ತು. ಎರಡಕ್ಕೂ ಜೀರ್ಣೋದ್ಧಾರದ ಸೋಂಕಿಲ್ಲ.

ನಮಗೂ ಈ ಕಾರುಗಳಿಗೂ ಇರುವ ನಂಟು ಹಳೆಯದು. ನಾವು ದಶಕಗಳ ಕಾಲ ಓಡಿಸಿದ ಅಂಬಾಸಿಡರ್ ಮೂಲತಃ ಆಕ್ಸ್‌ಫರ್ಡ್ ಬಳಿಯ ಕೌಲಿಯ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರು. 2014ರವರೆಗೂ ಬಂಗಾಳದ ಉತ್ತರಪಾರಾದಲ್ಲಿ ಅದು ತಯಾರಾಗುತ್ತಲೇ ಇತ್ತು. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಟ್ರಯಂಫ್‌ನ ತಮ್ಮ, ಬುಲೆಟ್ ರೆಡಿಚ್‌ನಲ್ಲಿ ಹುಟ್ಟಿದ್ದು. ಮೈಸೂರು ಅರಮನೆಯವರು ರೋಲ್ಸ್ ರಾಯ್ಸ್ ಕಾರುಗಳನ್ನು ಒಮ್ಮೆಗೆ ಏಳೇಳು ತರಿಸುತ್ತಿದ್ದರೆಂದೂ, ಒಟ್ಟಾಗಿ ಬಹಳ ಕಾರು ಕೊಳ್ಳುವುದಕ್ಕೆ ಆ ಕಂಪನಿಯಲ್ಲಿ ಮೈಸೂರಿನ ಹೆಸರೇ ನುಡಿಗಟ್ಟಾಯಿತೆಂದೂ ಕಥೆಯುಂಟು. ಕಥೆಯಲ್ಲಿ ಎಷ್ಟು ಪಾಲು ಉಪ್ಪುಖಾರ ಎಂಬುದು ಬೇರೆ ಮಾತು. ಇಂಥ ಕಾರುಗಳನ್ನು ಹತ್ತಿರದಿಂದ ನೋಡಬೇಕೆಂದರೆ ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಪಕ್ಕದಲ್ಲಿ ಧರ್ಮಸ್ಥಳದವರ 'ಪಯಣ' ಸಂಗ್ರಹಾಲಯವಿದೆ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ಬೇರೆಯೇ ನೋಂದಣಿ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು, ಬೈಕುಗಳಿಗೆ ರಾಜ್ಯದ ಅಕ್ಷರಗಳ ನಂತರ 'ವಿಎ' ಸೇರಿದ ನಂಬರ್. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ಮರುನೋಂದಣಿಗೆ 5,000. ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಇನ್ನೊಂದು ಷರತ್ತೂ ಇದೆ. ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಮೈ, ಎಂಜಿನ್ ಮಾರ್ಪಡಿಸುವ ಮಟ್ಟದ ಭಾರೀ ರಿಪೇರಿ ಆಗಿರಬಾರದು. ಹಳೆಯ ಫಿಯೆಟ್‌ಗೆ ಡೀಸೆಲ್ ಎಂಜಿನ್, ಪವರ್ ಸ್ಟೀರಿಂಗ್ ಹಾಕಿಸಿ ಖುಷಿಪಡುವವರು ಇದನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ನಿಮ್ಮ ಮನೆಯ ಹಿತ್ತಲಲ್ಲೋ ಊರಿನ ಕೊಟ್ಟಿಗೆಯಲ್ಲೋ ಅಜ್ಜನ ಕಾಲದ ಮಾರಿಸ್, ಆಸ್ಟಿನ್, ಹಿಲ್‌ಮನ್ ನಿಂತಿದ್ದರೆ ಟಿಂಕರಿಂಗ್‌ನವನನ್ನು ಕರೆಯುವುದಕ್ಕೆ ಮೊದಲು ಮನೆಯ ಕಪಾಟು ಹುಡುಕಿ. ಆರ್‌ಸಿ ಪುಸ್ತಕ, ಕೊಂಡ ರಸೀದಿ, ಅಂದಿನ ವಿಮೆ ಕಾಗದ, ಕಾರಿನ ಮುಂದೆ ಮನೆಮಂದಿ ನಿಂತು ತೆಗೆಸಿದ ಫೋಟೊ, ಏನು ಸಿಕ್ಕಿದರೂ ಒಂದೆಡೆ ಸೇರಿಸಿ. ಚಾಸಿಯ ಮೇಲಿನ ಸಂಖ್ಯೆಯನ್ನು ಒರೆಸಿ ಬರೆದುಕೊಳ್ಳಿ, ಉಜ್ಜುಕಾಗದದಿಂದ ತಿಕ್ಕಬೇಡಿ. ಬಿಚ್ಚುವ ಪ್ರತಿ ಭಾಗದ ಚಿತ್ರ ತೆಗೆದಿಟ್ಟುಕೊಳ್ಳಿ. ಹಳೆಯ ಭಾಗ ಕೆಟ್ಟಿದ್ದರೂ ಗುಜರಿಗೆ ಹಾಕದೆ ಡಬ್ಬಿಯಲ್ಲಿ ಇಡಿ. ಬಣ್ಣ ಹೊಡೆಸುವುದಕ್ಕೆ ಮುಂದಿನ ವರ್ಷವೂ ಆದೀತು.